ಮೈಸೂರಿನಿಂದ ರಂಗನತಿಟ್ಟು, ಮೇಲುಕೋಟೆ, ಕೊಕ್ಕರೆ ಬೆಳ್ಳೂರು: ರೋಡ್ ಸೈಕಲ್‌ಗೆ ಯಾವ ದಾರಿ ಒಳ್ಳೆಯದು?

ಸರಸ್ವತಿಪುರಂ ಸವಾರ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಗೆ ಒಂದು ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತಗೊಂಡೆ. ಡ್ರಾಪ್ ಹ್ಯಾಂಡಲ್, 25 ಎಂ.ಎಂ. ಟಯರ್, ರಿಮ್ ಬ್ರೇಕ್. ಇಷ್ಟು ದಿನ ಊರೊಳಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಓಡಿಸಿಯೇ ಅಭ್ಯಾಸ. 2017ರಲ್ಲಿ ಅದು ಶುರುವಾದಾಗಲೇ ಕಾರ್ಡ್ ಮಾಡಿಸಿದ್ದೆ. ಸ್ಕೂಲಿನ ಕಾಲದ ಸೈಕಲ್ ಹುಚ್ಚು ಅಲ್ಲಿಂದ ಮತ್ತೆ ಹಿಡಿಯಿತು.

ಎರಡು ಭಾನುವಾರ ರಿಂಗ್ ರೋಡ್ ಸುತ್ತಿದೆ. ರಸ್ತೆ ಚೆನ್ನಾಗಿದೆ, ಆದರೆ ಪಕ್ಕದಲ್ಲೇ ಲಾರಿಗಳು. ಮನೆಗೆ ಬಂದಾಗ ಮೈಯೆಲ್ಲ ಹೊಗೆ ವಾಸನೆ. ನನಗೆ ಮರ, ನೀರು, ಹಕ್ಕಿ ಇರುವ ಕಡೆ ತುಳಿಯಬೇಕು. ನಮ್ಮ ಸುತ್ತ ಇಷ್ಟೊಂದು ಪಕ್ಷಿಧಾಮ, ಅಭಯಾರಣ್ಯ ಇವೆ ಅಲ್ವಾ. ಡಾಂಬರು ರಸ್ತೆಯಲ್ಲೇ ಹೋಗಿ ಬರುವಂಥ ದಾರಿ ಹೇಳಿ. ಈಗ 50 ಕಿ.ಮೀ. ಆಗುತ್ತದೆ. ಬೇಸಿಗೆ ಹೊತ್ತಿಗೆ 100 ಮುಟ್ಟುವ ಆಸೆ. ಬಂಡೀಪುರವೂ ಮನಸ್ಸಿನಲ್ಲಿದೆ.

ಪಾಲಹಳ್ಳಿ ಹುಡುಗ (ಭಾನುವಾರ, ರಾತ್ರಿ 9:48)

ಅಣ್ಣ, ಮೊದಲನೇ ಸಲಕ್ಕೆ ನಮ್ಮೂರ ಕಡೆ ಬನ್ನಿ. ಮೇಟಗಳ್ಳಿ ದಾಟಿ ಕೆ.ಆರ್.ಎಸ್. ರಸ್ತೆ ಹಿಡಿಯಿರಿ. ಬೆಳಗೊಳದವರೆಗೆ ಸ್ವಲ್ಪ ಗಾಡಿಗಳ ಕಾಟ ಇರುತ್ತದೆ. ಭಾನುವಾರ ಬೆಳಿಗ್ಗೆ ಅದೂ ಕಡಿಮೆ. ಬೆಳಗೊಳದಿಂದ ಪಾಲಹಳ್ಳಿ ಕಡೆ ತಿರುಗಿದರೆ ಎರಡೂ ಕಡೆ ಗದ್ದೆ, ಕಬ್ಬು, ನಾಲೆ. ಅಲ್ಲಿಂದ ರಂಗನತಿಟ್ಟು ಹತ್ತಿರವೇ. ಮುಂದೆ ಮೂರ್ನಾಲ್ಕು ಕಿ.ಮೀ. ಹೋದರೆ ಶ್ರೀರಂಗಪಟ್ಟಣ. ಕಾಲಿನಲ್ಲಿ ಶಕ್ತಿ ಇದ್ದರೆ ಮೊದಲು ಕೆ.ಆರ್.ಎಸ್. ಮುಟ್ಟಿ ವಾಪಸ್ ಬಂದು ತಿರುಗಿ. ಒಟ್ಟು 50 ಕಿ.ಮೀ. ಆಸುಪಾಸು ಆಗುತ್ತದೆ. ಏರು ಅಂತ ಹೇಳುವಂಥದ್ದು ಎಲ್ಲೂ ಇಲ್ಲ.

ಬರುವಾಗ ಹೆದ್ದಾರಿ ಕಡೆ ಹೋಗಬೇಡಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ ಕೂಡ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಆದರೆ ಎದುರಿನಿಂದ ಬರುವ ಬೈಕ್‌ಗಳು, ನಿಂತ ಟೆಂಪೊಗಳು, ಮಣ್ಣು. ಬಂದ ದಾರಿಯಲ್ಲೇ ಬೆಳಗೊಳದ ಮೇಲೆ ಹೋಗಿ. ಅದೇ ನೆಮ್ಮದಿ.

ಇನ್ನೊಂದು ಮಾತು. ರಂಗನತಿಟ್ಟಿಗೆ ಹೋದವರು ಸುಮ್ನೆ ಗೇಟಿನ ಹತ್ತಿರ ಫೋಟೊ ತೆಗೆದು ತಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೈಕಲ್‌ಗೆ ಬೀಗ ಹಾಕಿ, ಟಿಕೆಟ್ ತಗೊಂಡು ಒಳಗೆ ಹೋಗಿ. ಕಂಠೀರವ ನರಸರಾಜ ಒಡೆಯರ್ 1645ರಿಂದ 1648ರ ನಡುವೆ ಕಾವೇರಿಗೆ ಒಡ್ಡು ಕಟ್ಟಿಸಿದರು. ಆಗ ನೀರು ನಿಂತು ಈ ನಡುಗಡ್ಡೆಗಳಾದವು. ಗದ್ದೆಗೆ ನೀರು ಹರಿಸಲು ಕಟ್ಟಿದ್ದು ಹಕ್ಕಿಗಳಿಗೂ ಮನೆಯಾಯಿತು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಪಕ್ಷಿಧಾಮ ಅಂತ ಮಾಡಿದರು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಇರುವುದು ಸುಮಾರು 40 ಎಕರೆ ಅಷ್ಟೇ. ಈಗ ಜನವರಿ. ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಗೂಡು ಕಟ್ಟುವುದನ್ನು ನೋಡಬಹುದು. ನೀರಿನ ಅಂಚಿಗೆ ಮಾತ್ರ ಇಳಿಯಬೇಡಿ. ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆ ದೂರದಿಂದ ಬಂಡೆಯ ಹಾಗೆಯೇ ಕಾಣುತ್ತದೆ.

ಮೆಲ್ಲಗೆ ತುಳಿ (ಭಾನುವಾರ, ರಾತ್ರಿ 10:30)

ದಾರಿ ಸರಿಯಾಗಿ ಹೇಳಿದ್ದೀಯಪ್ಪ. ಸೈಕಲ್ ಬಗ್ಗೆ ನಾನೊಂದಿಷ್ಟು ಸೇರಿಸುತ್ತೇನೆ. ನನಗೆ 64 ವಯಸ್ಸು. ಈ ರಸ್ತೆಗಳಲ್ಲಿ ಹನ್ನೆರಡು ವರ್ಷದಿಂದ ತುಳಿಯುತ್ತಿದ್ದೇನೆ.

ಸವಾರರೇ, ನಿಮ್ಮ ಟ್ಯೂಬಿನ ವಾಲ್ವ್ ನೋಡಿ. ರೋಡ್ ಸೈಕಲ್ ಆದ್ದರಿಂದ ಹೆಚ್ಚಾಗಿ ಸಣ್ಣ, ಉದ್ದನೆಯ ಪ್ರೆಸ್ಟಾ ವಾಲ್ವ್ ಇರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಬರುತ್ತದೆ. ವಾಲ್ವ್ ಮೇಲೆ ತಿರುಗಿಸಿ ಕೂರಿಸಿದರೆ ಬೈಕಿಗೆ ಗಾಳಿ ಹಾಕುವ ಪೈಪಿನಿಂದಲೇ ಹಾಕಿಸಬಹುದು. ಎರಡು ತಗೊಳ್ಳಿ. ಒಂದನ್ನು ವಾಲ್ವ್‌ಗೇ ಹಾಕಿಡಿ, ಇನ್ನೊಂದು ಬ್ಯಾಗಿನಲ್ಲಿ. ಜೊತೆಗೆ ಒಂದು ಟ್ಯೂಬ್, ಟಯರ್ ಬಿಚ್ಚಲು ಎರಡು ಟಯರ್ ಲಿವರ್, ಕೈ ಪಂಪು. ಟ್ಯೂಬ್ ಬದಲಾಯಿಸುವುದನ್ನು ಮನೆಯಲ್ಲಿ ಕೂತು ಎರಡು ಸಲ ಮಾಡಿ ನೋಡಿ. ಜಾಲಿ ಮುಳ್ಳು ಚುಚ್ಚಿ ರಸ್ತೆ ಬದಿ ನಿಂತಾಗ ಮೊದಲನೇ ಸಲ ಕಲಿಯುವುದು ಕಷ್ಟ. 25ರ ಟಯರ್‌ಗೆ ಗಾಳಿ ಜಾಸ್ತಿ ತುಂಬಿಸಬೇಡಿ. ಕಲ್ಲಾದ ಟಯರ್ ಹಳ್ಳಿ ರಸ್ತೆಯಲ್ಲಿ ಕೈಗೆ ಪೆಟ್ಟು ಕೊಡುತ್ತದೆ. ನಿಮ್ಮ ಫ್ರೇಮ್, ಬ್ರೇಕ್ ನಡುವೆ ಜಾಗ ಇದ್ದರೆ ಮುಂದಿನ ಸಲ 28 ಎಂ.ಎಂ. ಹಾಕಿಸಿ.

ಈಗ ಹುಲ್ಲಿನ ವಿಷಯ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ಎಲ್ಲ ರಸ್ತೆ ಮೇಲೆ ಹರಡಿರುತ್ತಾರೆ. ಗಾಡಿಗಳ ಚಕ್ರ ಹತ್ತಿ ಕಾಳು ಬಿಡಲಿ ಅಂತ. ಕಾರಿಗೆ ಏನೂ ಅನಿಸುವುದಿಲ್ಲ. ನಮ್ಮ ಸಣ್ಣ ಟಯರ್ ಜಾರುತ್ತದೆ. ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸುವ ಭಾಗ) ಸುತ್ತಿಕೊಂಡರೆ ಅದು ಮುರಿದು ಚಕ್ರದ ಕಡ್ಡಿಗಳೊಳಗೇ ಹೋಗುತ್ತದೆ. ಹುಲ್ಲು ಕಂಡ ಕೂಡಲೇ ಇಳಿದು ಸೈಕಲ್ ಎತ್ತಿಕೊಂಡು ನಡೆಯಿರಿ. ನಾಚಿಕೆ ಬೇಡ. ನಾನು ಈಗಲೂ ನಡೆಯುತ್ತೇನೆ.

ಏರಿನ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಅದೂ ಮೀಸಲು ಅರಣ್ಯವೇ, ನಾವು ಮರೆತಿರುತ್ತೇವೆ ಅಷ್ಟೇ. ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್. ಊರಿನಿಂದ ಹೆಚ್ಚುಕಮ್ಮಿ 300 ಮೀಟರ್ ಏರು. ತಾವರೆಕಟ್ಟೆ ಕಡೆಯಿಂದ ಹತ್ತಿ. ಮೊದಲ ತಿರುವಿನಲ್ಲೇ ಗೇರ್ ಇಳಿಸಿ, ಉಸಿರು ನೋಡಿಕೊಂಡು ತುಳಿಯಿರಿ. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಎಚ್ಚರ ಬೇಕು. ರಿಮ್ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡಿ. ಕೋತಿಗಳು ಯಾವ ಕ್ಷಣದಲ್ಲಾದರೂ ಅಡ್ಡ ಬರುತ್ತವೆ. 2021ರ ಮಳೆಗೆ ಈ ಬೆಟ್ಟದ ನಂದಿ ವಿಗ್ರಹದ ಕಡೆಯ ರಸ್ತೆ ಕುಸಿದಿದ್ದು ನಿಮಗೆ ನೆನಪಿರಬಹುದು. ಆ ಬೆಟ್ಟದ ಮಣ್ಣು ಎಷ್ಟು ನಾಜೂಕು ಅಂತ ಅವತ್ತು ಗೊತ್ತಾಯಿತು. ಆಷಾಢ ಶುಕ್ರವಾರ ಆ ಕಡೆ ಹೋಗಲೇಬೇಡಿ.

ಎರಡು ಚಕ್ರ (ಸೋಮವಾರ, ಬೆಳಿಗ್ಗೆ 7:05)

100 ಮುಟ್ಟಬೇಕು ಅಂದರೆ ಮೇಲುಕೋಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಆಮೇಲೆ ಬೆಟ್ಟ. ಹೋಗುವುದು 50, ಬರುವುದು 50. ಪಾಂಡವಪುರ ದಾಟಿದ ಮೇಲೆ ಕುಂತಿ ಬೆಟ್ಟದ ಬಂಡೆಗಳು ಕಾಣುತ್ತವೆ. ಸ್ವಲ್ಪ ಒಳಗೆ ಹೋದರೆ ತೊಣ್ಣೂರು ಕೆರೆ. ಆ ಕೆರೆ ನೀರಿನ ಬಣ್ಣ ನೋಡಿದರೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಜಕ್ಕನಹಳ್ಳಿಯಿಂದ ಏರು ಶುರು. ಒಂದೇ ಸಮ ಏರು ಅಲ್ಲ, ಮಧ್ಯೆ ಮಧ್ಯೆ ಕಾಲಿಗೆ ಬಿಡುವು ಸಿಗುತ್ತದೆ. ಹಿಂದೆ 28 ಹಲ್ಲಿನ ಗೇರ್ ಇದ್ದರೂ ಆಗುತ್ತದೆ. 32 ಇದ್ದರೆ ಆರಾಮ. ಮೇಲೆ ಹೋಗಿ ಕಲ್ಯಾಣಿ ಹತ್ತಿರ ಕೂತು ಪುಳಿಯೋಗರೆ ತಿಂದು ಇಳಿಯಬಹುದು.

ನನ್ನ ಸಲಹೆ, ಬೆಳಿಗ್ಗೆ 4:30ಕ್ಕೆ ಮನೆ ಬಿಡಿ. ಮುಂದೆ ಒಳ್ಳೆ ಲೈಟ್, ಹಿಂದೆ ಕೆಂಪು ಲೈಟ್. ರಸ್ತೆ ಪೂರ್ತಿ ನಿಮ್ಮದೇ. ಸೂರ್ಯ ಹುಟ್ಟುವ ಹೊತ್ತಿಗೆ ಬೆಟ್ಟದ ಬುಡದಲ್ಲಿ ಇರುತ್ತೀರಿ.

ಕಬ್ಬಿನ ಗದ್ದೆ (ಸೋಮವಾರ, ಮಧ್ಯಾಹ್ನ 1:20)

ಅಣ್ಣ, ದಾರಿ ಒಪ್ಪಿದೆ. 4:30 ಮಾತ್ರ ಒಪ್ಪುವುದಿಲ್ಲ. ನಾನು ಪಾಂಡವಪುರ ಕಡೆಯವನು. ಸೈಕಲ್ಲೂ ತುಳಿಯುತ್ತೇನೆ, ಕಬ್ಬೂ ಬೆಳೆಯುತ್ತೇನೆ.

ನಮ್ಮ ಕಡೆ ಚಿರತೆ ಕಾಡಿನಲ್ಲಿ ಮಾತ್ರ ಇರುತ್ತದೆ ಅಂತ ತಿಳಿದುಕೊಳ್ಳಬೇಡಿ. ಆಳೆತ್ತರದ ಕಬ್ಬು ಅದಕ್ಕೆ ಒಳ್ಳೆ ಮರೆ. ಅಲ್ಲೇ ಮರಿ ಹಾಕುತ್ತದೆ. ಕಟಾವು ಮಾಡುವಾಗ ಮರಿ ಸಿಕ್ಕ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಈಗ ಕಟಾವಿನ ಕಾಲ. ಗದ್ದೆ ಖಾಲಿಯಾದ ಹಾಗೆ ಅವು ಜಾಗ ಬದಲಾಯಿಸುತ್ತವೆ, ಅದೂ ಕತ್ತಲಲ್ಲಿ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಗೆ ಚಿರತೆ ದಾಳಿಗೆ ಜನ ಸತ್ತಿದ್ದು ನಮಗೆ ಯಾರಿಗೂ ಮರೆತಿಲ್ಲ. ಸೈಕಲ್ ಮೇಲೆ ಬಗ್ಗಿ ಕೂತವನು ದೂರದಿಂದ ಸಣ್ಣ ಪ್ರಾಣಿ ಹಾಗೆ ಕಾಣುತ್ತಾನೆ. ಹೆದರಿಸಲು ಹೇಳುತ್ತಿಲ್ಲ. ನಾನೇ ತೋಟಕ್ಕೆ ಆ ಹೊತ್ತಿನಲ್ಲಿ ಒಬ್ಬನೇ ಹೋಗುವುದಿಲ್ಲ.

ಅದಕ್ಕಿಂತ ದೊಡ್ಡ ಭಯ ಟ್ರ್ಯಾಕ್ಟರ್. ಕಬ್ಬಿನ ಲೋಡು ಟ್ರೈಲರ್‌ನಿಂದ ಎರಡೂ ಕಡೆ ಹೊರಗೆ ಚಾಚಿರುತ್ತದೆ. ಹಿಂದೆ ಲೈಟ್ ಇರುವುದಿಲ್ಲ. ಎಷ್ಟೋ ಸಲ ರಸ್ತೆ ಬದಿ ಕೆಟ್ಟು ನಿಂತಿರುತ್ತದೆ. ಹೋದ ವರ್ಷ ಕತ್ತಲಲ್ಲಿ ಹಾಗೆ ನಿಂತ ಟ್ರೈಲರ್‌ಗೆ ಹೋಗಿ ಬಡಿದೆ. ಭುಜದ ಮೂಳೆ ಬಿರುಕು ಬಿಟ್ಟಿತು. ಮೂರು ತಿಂಗಳು ಸೈಕಲ್ ಮುಟ್ಟಲಿಲ್ಲ. ಲೈಟ್ ಇತ್ತು. ಆದರೂ ಕಬ್ಬಿನ ಸೋಗೆ ಕತ್ತಲಲ್ಲಿ ಕತ್ತಲಾಗಿಯೇ ಇತ್ತು.

ನಾಲೆ ಏರಿ ಮೇಲಿನ ರಸ್ತೆ ಬಗ್ಗೆಯೂ ಹೇಳಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆ ಸಮತಟ್ಟು, ನೆರಳು, ಗಾಡಿ ಕಡಿಮೆ. ಮ್ಯಾಪಿನಲ್ಲಿ ನೋಡಿದರೆ ಆಸೆಯಾಗುತ್ತದೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ಆ ನಾಲೆಗೆ ಬಿದ್ದು 30 ಜನ ಹೋದರು. ಅವರಲ್ಲಿ ಸ್ಕೂಲ್ ಮಕ್ಕಳೂ ಇದ್ದರು. ತಡೆಗೋಡೆ ಇಲ್ಲದ ಕಡೆ ನಾಲೆ ಪಕ್ಕ ಹೋಗುವಾಗ ರಸ್ತೆ ಮಧ್ಯದಲ್ಲೇ ತುಳಿಯಿರಿ. ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ಹೋಗಬೇಡಿ. ನೀರು ಬಿಟ್ಟಾಗ ಅದರ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ.

ಮೇಲುಕೋಟೆ ಅಭಯಾರಣ್ಯ ಮಾಡಿದ್ದು 1974ರಲ್ಲಿ, ತೋಳಗಳನ್ನು ಉಳಿಸಲು. ವಿಸ್ತೀರ್ಣ 50 ಚದರ ಕಿ.ಮೀ.ಗೆ ಸ್ವಲ್ಪ ಕಡಿಮೆ. ಎತ್ತರದ ಕಾಡಲ್ಲ, ಕುರುಚಲು ಗಿಡ, ಬಂಡೆ, ಹುಲ್ಲು. ಅದೇ ತೋಳಕ್ಕೆ ಬೇಕಾದ ಜಾಗ. ತುಂಬ ಜನ ಅದನ್ನು ಬರೀ ಬೀಳು ಅಂದುಕೊಂಡು ದಾಟಿ ಹೋಗುತ್ತಾರೆ. ನನಗೆ ಅದು ಬೇಜಾರು. ಬೆಳಕಿನಲ್ಲಿ ನಿಧಾನಕ್ಕೆ ಹೋದರೆ ಬಂಡೆ ಮೇಲೆ ಕೂತ ನವಿಲಾದರೂ ಸಿಗುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6:45ಕ್ಕೆ. 6:30ಕ್ಕೆ ಊರು ಬಿಡಿ. 10 ಗಂಟೆಗೆ ಮೇಲೆ ಇರುತ್ತೀರಿ. ಈ ಚಳಿಗಾಲದ ಬಿಸಿಲಿಗೆ ಏನಾಗುವುದಿಲ್ಲ.

ಎರಡು ಚಕ್ರ (ಸೋಮವಾರ, ರಾತ್ರಿ 8:15)

ನಿಮ್ಮ ಭುಜದ ವಿಷಯ ಗೊತ್ತಿರಲಿಲ್ಲ ಅಣ್ಣ. ಈಗ ಪೂರ್ತಿ ಸರಿಹೋಯಿತಾ? ಕಬ್ಬಿನ ಕಾಲದಲ್ಲಿ 4:30 ಅಂದಿದ್ದು ನನ್ನ ತಪ್ಪು. ನಾವು ಐದಾರು ಜನ ಒಟ್ಟಿಗೆ ಹೋಗುತ್ತೇವೆ, ಹಾಗಾಗಿ ಭಯ ಕಡಿಮೆ. ಸವಾರರು ಒಬ್ಬರೇ ಹೋಗುವವರು ಅನ್ನುವುದನ್ನು ನಾನು ಯೋಚಿಸಲಿಲ್ಲ.

ಆದರೆ ಬೇಸಿಗೆಗೆ ಒಂದು ಮಾತು. ಏಪ್ರಿಲ್, ಮೇನಲ್ಲಿ 6:30ಕ್ಕೆ ಹೊರಟರೆ ವಾಪಸ್ ಬರುವಾಗ ಪಾಂಡವಪುರದ ಬಯಲಿನಲ್ಲಿ ತಲೆ ಸುಡುತ್ತದೆ. ಮೇ ಕೊನೆಗೆ ಬೆಳಗಾಗುವುದು ಬೇಗ, 6ಕ್ಕೆ ಮುಂಚೆಯೇ ಸೂರ್ಯ ಬರುತ್ತಾನೆ. 5:30ಕ್ಕೆ ಮಬ್ಬು ಬೆಳಕಿನಲ್ಲಿ ಹೊರಟರೆ ಇಬ್ಬರ ಮಾತೂ ನಡೆದ ಹಾಗೆ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದ ಗಾಳಿ ಜೋರು. ಆಗ ಕೆ.ಆರ್.ಎಸ್. ಕಡೆ, ಹುಣಸೂರು ಕಡೆ ಹೋಗುವಾಗ ಎದುರು ಗಾಳಿ. ಬರುವಾಗ ಯಾರೋ ಬೆನ್ನು ತಳ್ಳಿದ ಹಾಗೆ ಇರುತ್ತದೆ. ಆ ಮೂರು ತಿಂಗಳು ಪಶ್ಚಿಮಕ್ಕೇ ಹೋಗಿ.

ಕಬ್ಬಿನ ಗದ್ದೆ (ಸೋಮವಾರ, ರಾತ್ರಿ 9:02)

ಸರಿಹೋಗಿದೆ ಅಣ್ಣ. ಚಳಿಗೆ ಸ್ವಲ್ಪ ಹಿಡಿಯುತ್ತದೆ ಅಷ್ಟೇ. ಬೇಸಿಗೆಗೆ 5:30 ನನಗೂ ಒಪ್ಪಿಗೆ.

ಹಕ್ಕಿ ನೋಡುವಾಕೆ (ಮಂಗಳವಾರ, ರಾತ್ರಿ 10:11)

ಕೊಕ್ಕರೆ ಬೆಳ್ಳೂರನ್ನು ಯಾರೂ ಬರೆದಿಲ್ಲವಲ್ಲ ಅಂತ ಬಂದೆ. ನನ್ನ ತವರು ಮದ್ದೂರು ತಾಲ್ಲೂಕು. ಈಗ ಮಂಡ್ಯದಲ್ಲಿದ್ದೇನೆ.

ಮಂಡ್ಯದಿಂದ ಮದ್ದೂರಿನವರೆಗೆ ಊರೊಳಗಿನ ಹಳೇ ರಸ್ತೆ, ಸರ್ವಿಸ್ ರಸ್ತೆ ಹಿಡಿದು ಬರಬಹುದು. ಮುಂದೆ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಅಲ್ಲಿಂದ ಸುಮಾರು 12 ಕಿ.ಮೀ. ಹೋಗಿ ಬರುವುದು 70 ದಾಟುತ್ತದೆ. ಮೈಸೂರಿನಿಂದ ಬರುವವರು ಮದ್ದೂರಿನವರೆಗೆ ಕಾರಿನಲ್ಲಿ ಸೈಕಲ್ ತಂದರೆ ಒಳ್ಳೆಯದು. ತಿರುವಿನಿಂದ ಒಳಗಿನ ರಸ್ತೆಯಲ್ಲಿ ತೆಂಗು, ಗದ್ದೆ, ರೇಷ್ಮೆ ಸೊಪ್ಪಿನ ತೋಟ. ಹಂಪ್‌ಗಳು ಜಾಸ್ತಿ. ಎಷ್ಟೋ ಹಂಪ್‌ಗೆ ಬಣ್ಣ ಬಳಿದಿರುವುದಿಲ್ಲ.

ಅಲ್ಲಿಗೆ ಹೋದರೆ ಬೇಲಿ, ಟವರ್ ಹುಡುಕಬೇಡಿ. ಅದು ಊರು. ಹಕ್ಕಿಗಳು ಮನೆ ಮುಂದಿನ ಹುಣಸೆ ಮರದಲ್ಲಿ, ಆಲ, ಅರಳಿ ಮರದಲ್ಲಿ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಬರುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಹೆಜ್ಜಾರ್ಲೆ ಮರಿ ಬಾಯಿ ತೆಗೆದು ಕೂಗುತ್ತಿರುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ಕರೆಯುತ್ತಾರೆ. ನಾನು ಎರಡು ಮಕ್ಕಳ ತಾಯಿ. ಆ ಮಾತು ಕೇಳಿದಾಗಲೆಲ್ಲ ಈಗಲೂ ಗಂಟಲು ಕಟ್ಟುತ್ತದೆ. ಹಿಕ್ಕೆ ಬೀಳುವ ಕಡೆ ಗುಂಡಿ ತೋಡಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿರುವ ಮರದಲ್ಲಿ ಹುಣಸೆ ಬಡಿಯದೆ ಬಿಡುತ್ತಾರೆ. ಆ ನಷ್ಟಕ್ಕೆ ಅರಣ್ಯ ಇಲಾಖೆ ಸ್ವಲ್ಪ ಹಣ ಕೊಡುತ್ತದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಆದರೆ ಅದಕ್ಕೆ ಎಷ್ಟೋ ಮುಂಚಿನಿಂದ ಜನರೇ ಕಾಯ್ದುಕೊಂಡು ಬಂದಿದ್ದಾರೆ.

ಅದಕ್ಕೇ ಸೈಕಲ್‌ನವರಿಗೆ ಕೇಳಿಕೊಳ್ಳುವುದು. ಊರಿನ ಮೊದಲ ಮನೆ ಕಂಡ ಕೂಡಲೇ ಇಳಿಯಿರಿ. ಗುಂಪಾಗಿ ಬಂದರೆ ಕೂಗಾಡಬೇಡಿ. ಮರದ ಕೆಳಗೆ ಸೈಕಲ್ ಒರಗಿಸಿ ಮೇಲೆ ಕಲ್ಲು ತೂರಿ ಹಕ್ಕಿ ಹಾರಿಸಿ ಫೋಟೊ ತೆಗೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡ ಹಕ್ಕಿ ಗಾಬರಿಯಿಂದ ಎದ್ದಾಗ ಮರಿ ಗೂಡಿನ ಅಂಚಿನಿಂದ ಜಾರಿ ಬೀಳುತ್ತದೆ. ಬಿದ್ದ ಮರಿಗಳನ್ನು ಊರಿನ ಹುಡುಗರು ಎತ್ತಿಕೊಂಡು ಹೋಗಿ ಮೀನು ತಿನ್ನಿಸಿ ಸಾಕುತ್ತಾರೆ. ಎಲ್ಲವೂ ಬದುಕುವುದಿಲ್ಲ. ಅಲ್ಲಿ ಯಾರದಾದರೂ ಜಗಲಿ ಮೇಲೆ ಕೂರಲು ಹೇಳಿದರೆ ಕೂತು ನೀರು ಕುಡಿಯಿರಿ, ಮಾತಾಡಿಸಿ. ಹಕ್ಕಿ ಬಗ್ಗೆ ಬೋರ್ಡಿನಲ್ಲಿ ಇಲ್ಲದ್ದು ಅಜ್ಜಿಯರಿಗೆ ಗೊತ್ತಿರುತ್ತದೆ.

ಸರಸ್ವತಿಪುರಂ ಸವಾರ (ಬುಧವಾರ, ಬೆಳಿಗ್ಗೆ 8:40)

ಎಷ್ಟೊಂದು ಬರೆದಿದ್ದೀರಿ ಎಲ್ಲರೂ. ಪ್ರಿಂಟ್ ತೆಗೆದು ಇಟ್ಟುಕೊಂಡೆ. ಅಡಾಪ್ಟರ್ ಎರಡು ತಂದೆ. ಬಂಡೀಪುರದ ಬಗ್ಗೆ ಯಾರೂ ಹೇಳಲಿಲ್ಲ. ಬೈಕಿನಲ್ಲಿ ಜನ ಊಟಿಗೆ ಹೋಗುತ್ತಾರಲ್ಲ, ಸೈಕಲ್ ಯಾಕೆ ಆಗಬಾರದು?

ಮೆಲ್ಲಗೆ ತುಳಿ (ಬುಧವಾರ, ಸಂಜೆ 6:20)

ಬೇಕೆಂದೇ ಹೇಳಲಿಲ್ಲ ಸರ್. ಕೇಳಿದ್ದಕ್ಕೆ ಹೇಳುತ್ತೇನೆ, ಹುಲಿ ಕಾಡಿನ ರಸ್ತೆಗೆ ಸೈಕಲ್ ಬೇಡ.

ಬೈಕಿನವನು ಆನೆ ಕಂಡರೆ ತಿರುಗಿಸಿ ಓಡುತ್ತಾನೆ. ಅದೂ ಎಲ್ಲ ಸಲ ಆಗುವುದಿಲ್ಲ. ನಾವು ಏರಿನಲ್ಲಿ ಗಂಟೆಗೆ 12 ಕಿ.ಮೀ.ನಲ್ಲಿ ಇರುತ್ತೇವೆ. ಸದ್ದೂ ಇಲ್ಲ. ತಿರುವಿನಲ್ಲಿ ನಾವು ಬರುವುದು ಆನೆಗೂ ಗೊತ್ತಾಗುವುದಿಲ್ಲ, ಅದು ಇರುವುದು ನಮಗೂ ಗೊತ್ತಾಗುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದಾರೆ. ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೆ. ಎಚ್.ಡಿ. ಕೋಟೆ ಕಡೆಯಿಂದ ಕೇರಳ ಗಡಿಯ ಬಾವಲಿಗೆ ಹೋಗುವ ಕಾಡು ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಇವೆಲ್ಲ ಆ ಪ್ರಾಣಿಗಳಿಗೆ ಬಿಟ್ಟುಕೊಟ್ಟ ಹೊತ್ತು, ಬಿಟ್ಟುಕೊಟ್ಟ ಜಾಗ. ನಾವು ಅದರೊಳಗೆ ಹೋಗಿ ಎಷ್ಟು ಕಿ.ಮೀ. ಆಯಿತು ಅಂತ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಆ ಕಡೆ ಹೋಗಲೇಬೇಕು ಅನಿಸಿದರೆ ನಂಜನಗೂಡು, ಬೇಗೂರು ಮೇಲೆ ಗುಂಡ್ಲುಪೇಟೆಗೆ ಹೋಗಿ. ಸುಮಾರು 60 ಕಿ.ಮೀ. ಜೂನ್, ಜುಲೈನಲ್ಲಿ ಸೂರ್ಯಕಾಂತಿ, ಚೆಂಡುಮಲ್ಲಿಗೆ ಹೊಲಗಳು ರಸ್ತೆ ಪಕ್ಕದಲ್ಲೇ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸಾಲು, ಅದರ ಮೇಲೆ ಮೋಡ. ಹಂಗಳದ ತನಕ ಹೋಗಿ ನೋಡಿ, ಕಾಡು ಶುರುವಾಗುವ ಮುಂಚೆ ತಿರುಗಿ ಬನ್ನಿ.

ಪಾಲಹಳ್ಳಿ ಹುಡುಗ (ಬುಧವಾರ, ಸಂಜೆ 7:00)

ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಅಣ್ಣ, ಈ ಭಾನುವಾರ ಬಂದರೆ ಹೇಳಿ, ಬೆಳಗೊಳದಲ್ಲಿ ಸಿಗುತ್ತೇನೆ.

ಸರಸ್ವತಿಪುರಂ ಸವಾರ (ಭಾನುವಾರ, ಮಧ್ಯಾಹ್ನ 2:30)

ಹೋಗಿ ಬಂದೆ. 53 ಕಿ.ಮೀ. ಪಾಲಹಳ್ಳಿಯ ತಮ್ಮ ಬೆಳಗೊಳದಲ್ಲಿ ಕಾಯುತ್ತಿದ್ದ. ಅವನದು ಗೇರ್ ಇಲ್ಲದ ಮಾಮೂಲಿ ಸೈಕಲ್. ನನ್ನ ಜೊತೆ ಸಮಕ್ಕೆ ಬಂದ.

ನಾಲೆ ಮೇಲೆ ಮಂಜು ಇತ್ತು. ಎದುರು ಬಂದ ಎತ್ತಿನ ಗಾಡಿ ಹತ್ತಿರ ಬರುವ ತನಕ ಕಾಣಲಿಲ್ಲ, ಗೆಜ್ಜೆ ಸದ್ದು ಮಾತ್ರ ಕೇಳಿಸುತ್ತಿತ್ತು. ಒಂದು ಕಡೆ ರಾಗಿ ಹುಲ್ಲು ಹರಡಿದ್ದರು. ಹಿರಿಯರ ಮಾತು ನೆನಪಾಗಿ ಇಳಿದು ಸೈಕಲ್ ಎತ್ತಿಕೊಂಡೆ. ಅಲ್ಲಿದ್ದ ಹೆಂಗಸರು ಹುಲ್ಲು ಸರಿಸಿ ದಾರಿ ಮಾಡಿಕೊಟ್ಟರು. ರಂಗನತಿಟ್ಟಿನಲ್ಲಿ ಎರಡು ಗಂಟೆ ಇದ್ದೆವು. ಒಂದು ಬಣ್ಣದ ಕೊಕ್ಕರೆ ತನಗಿಂತ ಉದ್ದದ ಕಡ್ಡಿ ತಂದು ಮೂರು ಸಲ ಬೀಳಿಸಿತು. ನಾಲ್ಕನೇ ಸಲ ಸಿಕ್ಕಿಸಿತು. ಅಷ್ಟು ಹೊತ್ತು ನಾವಿಬ್ಬರೂ ಮಾತೇ ಆಡಲಿಲ್ಲ.

ಬರುವಾಗ ಹಿಂದಿನ ಟಯರ್‌ಗೆ ಮುಳ್ಳು. ಟ್ಯೂಬ್ ಬದಲಾಯಿಸಲು 25 ನಿಮಿಷ ಬೇಕಾಯಿತು. ಕೈ ಪಂಪಿನಲ್ಲಿ ಅರ್ಧ ತುಂಬಿಸಿ ಬೆಳಗೊಳದ ಅಂಗಡಿಗೆ ಬಂದು ಅಡಾಪ್ಟರ್ ಹಾಕಿ ಗಾಳಿ ಹಿಡಿಸಿದೆ. ಅಂಗಡಿಯವರು ಅದನ್ನು ಮೊದಲ ಸಲ ನೋಡಿದ್ದಂತೆ. ಇನ್ನೊಂದನ್ನು ಅವರಿಗೇ ಕೊಟ್ಟು ಬಂದೆ, ಮುಂದೆ ಬರುವವರಿಗೆ ಆಗಲಿ ಅಂತ.

ಮೇಡಂ, ಮುಂದಿನ ತಿಂಗಳು ಎರಡನೇ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಬರಬೇಕು ಅಂತಿದ್ದೇನೆ. ಮಗಳನ್ನೂ ಕರೆತರುತ್ತೇನೆ, ಅವಳಿಗೆ 11 ವರ್ಷ. 12 ಕಿ.ಮೀ. ಅವಳು ತುಳಿಯುತ್ತಾಳಾ?

ಹಕ್ಕಿ ನೋಡುವಾಕೆ (ಭಾನುವಾರ, ಸಂಜೆ 5:45)

ಖಂಡಿತ ತುಳಿಯುತ್ತಾಳೆ. ನನ್ನ ಚಿಕ್ಕವನು 10ನೇ ವಯಸ್ಸಿಗೆ ಬಂದಿದ್ದ. ಬೆಳಿಗ್ಗೆ 7ಕ್ಕೆ ರುದ್ರಾಕ್ಷಿಪುರದ ತಿರುವಿಗೆ ಬನ್ನಿ, ನಾನೂ ಬರುತ್ತೇನೆ. ಅವಳಿಗೆ ಬೈನಾಕ್ಯುಲರ್ ತರುತ್ತೇನೆ. ಟೋಪಿ ಮಾತ್ರ ಮರೆಯಬೇಡಿ, ಮರದ ಕೆಳಗೆ ನಿಂತಾಗ ಬೇಕಾಗುತ್ತದೆ.